‘ಅ’ ಮೊಳೆ ಖಾಲಿ

ಪ್ರಿಯ ಗೆಳೆಯರೇ,

ಪಾಂಡವಪುರದಿಂದ ನೀವು ಕಳಿಸಿದ ‘ತಾತನ ಆಲೆಮನೆ’ ಕಥೆ ಓದಿದೆ. ಕೈಬರಹ ಮುದ್ದಾಗಿದೆ, ವಿಷಯವೂ ಒಳ್ಳೆಯದು. ಹೊಗಳಿಕೆ ಇಲ್ಲಿಗೆ ಮುಗಿಯಿತು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪುಟದಲ್ಲೇ ನನಗೆ ಸಿಟ್ಟು ಬಂತು. ‘ತಾತನಿಗೆ ಅಪಾರ ನಷ್ಟವಾಗಿ ಅತೀವ ವೇದನೆಯಾಯಿತು.’ ಅಪಾರ ಅಂದರೆ ಎಷ್ಟು? ಟನ್ ಕಬ್ಬು ಅರೆದರೆ ಹೆಚ್ಚೂಕಮ್ಮಿ 100 ಕೆಜಿ ಬೆಲ್ಲ. ಅದರಲ್ಲಿ ಕಬ್ಬಿನ ದುಡ್ಡು, ಆಳಿನ ಕೂಲಿ ಕಳೆದು ಏನುಳಿಯಿತು ಅಂತ ತಾತ ರಾತ್ರಿಯೆಲ್ಲ ಲೆಕ್ಕ ಹಾಕಿರುತ್ತಾರೆ ಅಲ್ವಾ? ಆ ಲೆಕ್ಕ ಬರೆಯಿರಿ. ವೇದನೆ ನಾನೇ ಪಟ್ಟುಕೊಳ್ಳುತ್ತೇನೆ.

ಮುಂದಿನ ಸಾಲು: ‘ಬೆಲ್ಲದ ಅವರ್ಣನೀಯ ಸುಗಂಧ ಎಲ್ಲೆಡೆ ಪಸರಿಸಿತ್ತು.’ ವರ್ಣಿಸೋಕೇ ಆಗದಿದ್ದರೆ ಕಥೆ ಯಾಕೆ ಸ್ವಾಮಿ? ಆಲೆಮನೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಹೊಗೆ. ಆಮೇಲೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಪಕ್ಕದಲ್ಲಿ ತೆಗೆದು ಸುರಿದ ಮಡ್ಡಿಯ ಹುಳಿ ವಾಸನೆ, ಅದಕ್ಕೆ ಮುತ್ತಿದ ನೊಣ. ಅಲ್ಲೇ ಆಡಿ ಬೆಳೆದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಇಷ್ಟು ಸಿಟ್ಟಿಗೆ ಕಾರಣ ಇದೆ. ನಾನು ಮೈಸೂರಿನ ಒಂದು ಪ್ರೆಸ್ಸಿಗೆ ಕರಡು ತಿದ್ದಲು ಸೇರಿದಾಗ ಇನ್ನೂ ಮೊಳೆ, ಅಂದರೆ ಒಂದೊಂದೇ ಅಕ್ಷರದ ಸೀಸದ ಅಚ್ಚು, ಜೋಡಿಸುವ ಕಾಲ. ನನ್ನದೂ ಒಂದು ಕಥೆ ಅಚ್ಚಿಗೆ ಹೋಗಿತ್ತು. ಮೊಳೆ ಜೋಡಿಸುವವರು ಬಂದು, ‘ಸಾರ್, ಅ ಮೊಳೆ ಖಾಲಿ’ ಅಂದರು. ಅತ್ಯಂತ, ಅದ್ಭುತ, ಅನನ್ಯ, ಅಗಾಧ... ‘ಇವನ್ನು ಕಿತ್ತರೆ ಇವತ್ತೇ ಮುಗಿಯುತ್ತೆ. ಇಲ್ಲಾಂದ್ರೆ ಬೇರೆ ಪುಟ ಬಿಚ್ಚೋವರೆಗೆ ಕಾಯಬೇಕು.’ ಅವಮಾನವಾಯಿತು. (ನೋಡಿ, ಅದೂ ಅ.) ಹಲ್ಲು ಕಚ್ಚಿಕೊಂಡು ಕಿತ್ತೆ. ಓದಿ ನೋಡಿದರೆ ಕಥೆಗೆ ಏನೂ ಆಗಿರಲಿಲ್ಲ! ಅವತ್ತು ಸಯ್ಯಾಜಿರಾವ್ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡೇ ಮನೆಗೆ ಹೋದೆ, ಹತ್ತಲು ಮನಸ್ಸಾಗಲಿಲ್ಲ.

ಇನ್ನು ನಿಮ್ಮ ಅಜ್ಜಿ. ‘ಮಗೂ, ಚಿಂತಿಸದಿರು, ಕಾಲವೇ ಸಕಲವನ್ನೂ ಗುಣಪಡಿಸುತ್ತದೆ’ ಅನ್ನುತ್ತಾರೆ. ಯಾವ ಊರಿನ ಅಜ್ಜಿ ಇವರು? ನಾನು ಕಂಡ ಮಂಡ್ಯ ಸೀಮೆಯ ಅಜ್ಜಿಯರು ‘ಸುಮ್ಕಿರ್ಲಾ, ಉಣ್ಣು ಬಾ’ ಅಂದು ಮುದ್ದೆ ಇಟ್ಟುಬಿಡುತ್ತಾರೆ. ಬರೆದ ಮಾತನ್ನು ಒಮ್ಮೆ ಜೋರಾಗಿ ಓದಿ, ಮನೆಯವರಿಗೆ ಕೇಳಿಸುವ ಹಾಗೆ. ಅವರು ನಕ್ಕ ಜಾಗಕ್ಕೆ ಗುರುತು ಹಾಕಿ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ತಾತ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಇಳಿಸ್ರಲಾ’ ಅನ್ನುತ್ತಾರೆ. ಅಲ್ಲಿ ನಾನು ಎದ್ದು ಕೂತೆ. ನೀವು ಮಾತ್ರ ಸುಮ್ನೆ ಮುಂದಕ್ಕೆ ಓಡಿದ್ದೀರಿ.

ಕಥೆ ವಾಪಸ್ ಕಳಿಸುತ್ತಿದ್ದೇನೆ. ಮುತ್ತಾತ 1920ರಲ್ಲೇ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದ್ದಾರೆ. ಅದು ಶುರುವಾದದ್ದು 1933ರಲ್ಲಿ, ತಿದ್ದಿಕೊಳ್ಳಿ. ಮತ್ತೆ, ಆಲೆಮನೆ ಮುಚ್ಚಿದ ಮೇಲೆ ಆ ಕೊಪ್ಪರಿಗೆ ಏನಾಯಿತು? ಯಾರಿಗೆ ಮಾರಿದಿರಿ, ಎಷ್ಟಕ್ಕೆ? ಅದನ್ನು ಬರೆದು ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ.