ಎನಿಮಾ ಕೊಡದಿದ್ದುದು ನಿರ್ಲಕ್ಷ್ಯವೇ? – ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ತಂದೆಯವರಿಗೆ ನಾಲ್ಕು ದಿನ ಮಲವಿಸರ್ಜನೆ ಆಗಿರಲಿಲ್ಲ, ಹೊಟ್ಟೆ ಉಬ್ಬಿ ವಾಂತಿಯೂ ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸಿದ ರಾತ್ರಿ ಎನಿಮಾ (ಗುದದ್ವಾರದಿಂದ ದ್ರವ ಬಿಟ್ಟು ಮಲ ಹೊರಡಿಸುವುದು) ಕೊಡಿರೆಂದು ನೀವು ಎಷ್ಟು ಕೇಳಿಕೊಂಡರೂ ವಾರ್ಡಿನ ಸಿಸ್ಟರ್ ಒಪ್ಪಲಿಲ್ಲ, ಬದಲಿಗೆ ಕುಡಿಯುವ ನೀರನ್ನೂ ನಿಲ್ಲಿಸಿ, ವೈದ್ಯರನ್ನು ಕರೆಸಿ, ಮೂಗಿನಲ್ಲಿ ಟ್ಯೂಬ್ ಹಾಕಿದರು. ನಮ್ಮ ಕಳೆದ ಸಂಚಿಕೆಯ ಲೇಖನದಲ್ಲಿ ಮಲಬದ್ಧತೆಗೆ ಎನಿಮಾ ಒಂದು ಉಪಾಯವೆಂದು ಬರೆದಿರುವಾಗ ಇದು ನಿರ್ಲಕ್ಷ್ಯವಲ್ಲವೇ ಎಂದು ಕೇಳಿದ್ದೀರಿ. ಪತ್ರಿಕೆಗೆ ಬರುವ ಮುನ್ನ ಹಲವು ವರ್ಷ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು; ಆದ್ದರಿಂದ ಈ ಪತ್ರಕ್ಕೆ ನಾನೇ ಉತ್ತರಿಸುತ್ತಿದ್ದೇನೆ. ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಆ ಸಿಸ್ಟರ್ ಮಾಡಿದ್ದೇ ಸರಿ. ಎನಿಮಾ ಯಾವಾಗ ಕೊಡಬಾರದು ಎಂಬ ಎಚ್ಚರಿಕೆ ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು. ಆ ತಪ್ಪು ನಮ್ಮದು.

ಮಲಬದ್ಧತೆ ಬೇರೆ, ಕರುಳಿನ ಅಡಚಣೆ ಬೇರೆ. ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಮಲವಿಸರ್ಜನೆಯಾಗುವುದು, ಮಲ ಗಟ್ಟಿಯಾಗಿ ತಿಣುಕಬೇಕಾಗುವುದು, ಹೋಗಿ ಬಂದರೂ ಪೂರ್ತಿಯಾಗಲಿಲ್ಲ ಎನ್ನಿಸುವುದು – ಇವು ಮಲಬದ್ಧತೆಯ ಲಕ್ಷಣಗಳು. ಇಲ್ಲಿ ಕರುಳಿನ ದಾರಿ ತೆರೆದೇ ಇರುತ್ತದೆ, ಸಾಗಾಟ ಮಾತ್ರ ನಿಧಾನವಾಗಿರುತ್ತದೆ. ಅಡಚಣೆಯಲ್ಲಿ ದಾರಿಯೇ ಮುಚ್ಚಿಹೋಗಿರುತ್ತದೆ. ಹೊಟ್ಟೆಯಲ್ಲಿ ಅಲೆಅಲೆಯಾಗಿ ಬಂದು ಹೋಗುವ ನುಲಿತ, ವಾಂತಿ, ಹೊಟ್ಟೆಯುಬ್ಬರ, ಮಲವಷ್ಟೇ ಅಲ್ಲದೆ ಗ್ಯಾಸ್ ಕೂಡ ಹೋಗದಿರುವುದು – ಈ ನಾಲ್ಕನ್ನು ಒಟ್ಟಿಗೆ ಕಂಡ ಯಾವ ನರ್ಸೂ ಕೈಗೆ ಎನಿಮಾ ತೆಗೆದುಕೊಳ್ಳಬಾರದು. ಮುಚ್ಚಿದ ಜಾಗದ ಹಿಂದೆ ಬಿಗಿದು ನಿಂತ ಕರುಳಿನ ಮೇಲೆ ಒತ್ತಡ ಹೆಚ್ಚಿದರೆ ಅದು ತೂತಾಗಬಹುದು. ಕರುಳನ್ನು ಬಲವಾಗಿ ಹಿಂಡಿಸುವ ಜುಲಾಬಿನ ಔಷಧಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

"ಗ್ಯಾಸ್ ಹೋಯಿತೇ" ಎಂದು ಎಲ್ಲರೆದುರು ಮತ್ತೆ ಮತ್ತೆ ಕೇಳಿ ತಂದೆಯವರಿಗೆ ಮುಜುಗರ ಮಾಡಿದರೆಂದು ನೀವು ನೊಂದು ಬರೆದಿದ್ದೀರಿ. ಪರದೆ ಎಳೆದು, ದನಿ ತಗ್ಗಿಸಿ ಕೇಳಬೇಕಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೇಳದೆ ಬಿಡುವಂಥ ಪ್ರಶ್ನೆ ಅದಲ್ಲ. ಪತ್ರದ ಕೊನೆಯ ಸಾಲಿನಲ್ಲಿ, ಅವರಿಗೆ ಹಿಂದೊಮ್ಮೆ ಹೊಟ್ಟೆಯ ಆಪರೇಷನ್ ಆಗಿತ್ತೆಂದು ನೀವು ಹೇಳಿಯೂ ಹೇಳದಂತೆ ಹೇಳಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಆಪರೇಷನ್ ಆದ ಮೇಲೆ ಹೊಟ್ಟೆಯೊಳಗೆ ಬೆಳೆಯುವ ಅಂಟುಪಟ್ಟಿಗಳು (ಗಾಯ ಮಾಯುವಾಗ ಉಂಟಾಗುವ ನಾರಿನಂಥ ಪಟ್ಟಿಗಳು) ಎಷ್ಟೋ ವರ್ಷಗಳ ನಂತರವೂ ಸಣ್ಣ ಕರುಳನ್ನು ಹಿಡಿದು ಮಡಚಬಲ್ಲವು. ಅಡಚಣೆಯ ಅತಿ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು. ಸಿಕ್ಕಿಹಾಕಿಕೊಂಡ ಹರ್ನಿಯಾ, ದೊಡ್ಡ ಕರುಳಿನ ಗೆಡ್ಡೆ, ಕರುಳು ತಿರುಚಿಕೊಳ್ಳುವುದು ಉಳಿದವು.

ಇನ್ನು ನೀರು ನಿಲ್ಲಿಸಿದ ವಿಷಯ. ಜೊಲ್ಲು, ಜಠರರಸ, ಪಿತ್ತ ಮುಂತಾದವೆಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರ್ ದ್ರವ ನಮ್ಮ ಜೀರ್ಣನಾಳಕ್ಕೆ ಇಳಿಯುತ್ತದೆ, ಅದರ ಬಹುಪಾಲು ಮತ್ತೆ ರಕ್ತಕ್ಕೆ ಹೀರಿಕೊಳ್ಳಲ್ಪಡುತ್ತದೆ. ದಾರಿ ಮುಚ್ಚಿದಾಗ ಅದು ಕರುಳಿನಲ್ಲೇ ನಿಲ್ಲುತ್ತದೆ, ಇಲ್ಲವೇ ವಾಂತಿಯಾಗುತ್ತದೆ. ಮೈಯಲ್ಲಿ ನೀರು, ಸೋಡಿಯಂ, ಪೊಟ್ಯಾಸಿಯಂ ಬರಿದಾಗುತ್ತವೆ. ಅದಕ್ಕಾಗಿಯೇ ಬಾಯಿಂದ ಏನೂ ಕೊಡದೆ ರಕ್ತನಾಳಕ್ಕೆ ಡ್ರಿಪ್ ಹಾಕಿ, ಮೂಗಿನ ಟ್ಯೂಬಿನಿಂದ ಹೊಟ್ಟೆಯನ್ನು ಖಾಲಿ ಮಾಡುತ್ತಾರೆ. ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇದರಿಂದ ತಗ್ಗುತ್ತದೆ. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ ಇಡುವುದೂ ಇದೇ ಕಾರಣಕ್ಕೆ.

ಟ್ಯೂಬ್ ಹಾಕಿ ಡ್ರಿಪ್ ಏರಿಸಿದೊಡನೆ ನರ್ಸಿನ ಕೆಲಸ ಮುಗಿಯಿತೆಂದುಕೊಳ್ಳಬೇಡಿ, ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಎರಡು ಬದಿಗೂ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಸಲವೂ ಅದೇ ಗುರುತಿನ ಮೇಲೆ ಟೇಪ್ ಸುತ್ತಿ ಅಳೆಯುತ್ತೇವೆ. ಬೆರಳಗಲ ಮೇಲೆ ಕೆಳಗೆ ಹೋದರೂ ಅಳತೆ ಸುಳ್ಳು ಹೇಳುತ್ತದೆ. ಟ್ಯೂಬಿನಿಂದ ಬಂದ ದ್ರವ ಎಷ್ಟು, ಹಸಿರೋ, ದುರ್ವಾಸನೆಯ ಕಂದೋ ಎಂದು ಬರೆಯುತ್ತೇವೆ. ಮೂತ್ರ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿಲಿಲೀಟರ್, ಅಂದರೆ 60 ಕಿಲೋ ತೂಕದವರಿಗೆ 30 ಮಿಲಿಲೀಟರ್, ಇಳಿಯುತ್ತಿದೆಯೇ ಎಂದು ನೋಡುತ್ತೇವೆ. ಬಂದು ಹೋಗುತ್ತಿದ್ದ ನೋವು ಬಿಡದೆ ನಿಂತರೆ, ಜ್ವರ ಬಂದರೆ, ನಾಡಿ ಏರಿದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಆಗ ಬೆಳಗಿನ ರೌಂಡ್ಸ್‌ಗೆ ಕಾಯದೆ ತಕ್ಷಣ ಸರ್ಜನ್‌ಗೆ ಕರೆ ಹೋಗಬೇಕು. ಇವುಗಳ ನಡುವೆ, ಒಣಗಿದ ನಾಲಿಗೆಯನ್ನು ಒದ್ದೆ ಹತ್ತಿಯಿಂದ ಒರೆಸಿ ತುಟಿಗೆ ವ್ಯಾಸಲೀನ್ ಹಚ್ಚುವುದು ಎಲ್ಲಿಯೂ ಬರೆಯದ ಕೆಲಸ, ಆದರೆ ನೀರು ಕೇಳುತ್ತಿರುವ ರೋಗಿಗೆ ಆ ಹೊತ್ತಿನಲ್ಲಿ ಸಿಗುವ ಸಮಾಧಾನ ಅದೊಂದೇ.

ಮಲಬದ್ಧತೆಯಲ್ಲೂ ಮೋಸಹೋಗುವ ಒಂದು ಜಾಗವಿದೆ. ಹಾಸಿಗೆ ಹಿಡಿದ ವೃದ್ಧರೊಬ್ಬರಿಗೆ ನೀರುನೀರಾಗಿ ಹೋಗುತ್ತಿದೆಯೆಂದು ನಾನು ಮೂರು ಸಲ ಚಾರ್ಟಿನಲ್ಲಿ 'ಭೇದಿ' ಎಂದು ಬರೆದಿದ್ದೆ. ಹಿರಿಯ ಸಿಸ್ಟರ್ ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷಿಸಿದಾಗ ಗುದನಾಳದ ತುಂಬ ಕಲ್ಲಿನಂಥ ಮಲ ಸಿಕ್ಕಿಕೊಂಡಿತ್ತು. ಅದರ ಸುತ್ತಲಿನಿಂದ ಜಾರಿದ ನೀರನ್ನು ನಾನು ಭೇದಿಯೆಂದುಕೊಂಡಿದ್ದೆ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟಿದ್ದರೆ ಸ್ಥಿತಿ ಇನ್ನಷ್ಟು ಕೆಡುತ್ತಿತ್ತು. ಎಷ್ಟು ಸಲ ಹೋದರು ಎಂಬುದರ ಜೊತೆಗೆ ಹೇಗಿತ್ತು ಎಂಬುದನ್ನೂ ಬರೆಯಬೇಕೆಂದು ನಾನು ಕಲಿತದ್ದು ಆ ದಿನ. ಮಲದ ರೂಪವನ್ನು ಏಳು ಬಗೆಯಾಗಿ ತೋರಿಸುವ ಬ್ರಿಸ್ಟಲ್ ಚಾರ್ಟ್ ಇರುವುದು ಇದಕ್ಕೇ. ಮೊದಲೆರಡು ಬಗೆ ಮಲಬದ್ಧತೆಯ ಗುರುತು.

ತಂದೆಯವರು ಈಗ ಮನೆಗೆ ಬಂದಿರುವುದು ಸಂತೋಷ. ಅವರಿಗೆ ಕೊಟ್ಟಿರುವ ನೋವಿನ ಮಾತ್ರೆ ಟ್ರಾಮಡಾಲ್ ಕರುಳಿನ ಚಲನೆಯನ್ನು ನಿಧಾನಿಸುತ್ತದೆ, ಕಬ್ಬಿಣಾಂಶದ ಮಾತ್ರೆಯೂ ಮಲವನ್ನು ಗಟ್ಟಿಮಾಡಬಹುದು. ಜೊತೆಗೆ ಮಲ ಸಡಿಲಿಸುವ ಔಷಧಿ ಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿ. ಅವರು ಲ್ಯಾಕ್ಟುಲೋಸ್ ಬರೆದುಕೊಟ್ಟರೆ ಅದು ಕೆಲಸ ಮಾಡಲು ಒಂದೆರಡು ದಿನ ಬೇಕಾಗುತ್ತದೆ, ಸಂಜೆಯೊಳಗೆ ಆಗಲಿಲ್ಲವೆಂದು ಇಮ್ಮಡಿ ಕೊಡಬೇಡಿ. ಇಸಬಗೋಲಿನಂಥ ನಾರಿನ ಪುಡಿಯನ್ನು ನೀವಾಗಿಯೇ ಶುರುಮಾಡಬೇಡಿ; ಅಡಚಣೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕೆಲಕಾಲ ನಾರು ಕಡಿಮೆಯಿರುವ ಆಹಾರವನ್ನೇ ವೈದ್ಯರು ಸೂಚಿಸುವುದುಂಟು. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಅವರನ್ನು ಕಮೋಡಿನ ಮೇಲೆ ಕೂರಿಸಿ, ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಪಾದದಡಿ ಒಂದು ಗಿಡ್ಡ ಮಣೆ ಇಟ್ಟು, ಸ್ವಲ್ಪ ಮುಂದಕ್ಕೆ ಬಾಗಲು ಹೇಳಿ, ಬಾಗಿಲು ಮುಂದೆ ಮಾಡಿ ಹೊರಗೆ ಕರೆಗೆ ಸಿಗುವಷ್ಟು ದೂರದಲ್ಲಿ ನಿಂತಿರಿ. ಹೊಟ್ಟೆ ಮತ್ತೆ ಉಬ್ಬಿ, ವಾಂತಿಯಾಗಿ, ಗ್ಯಾಸ್ ನಿಂತರೆ ಮನೆಯಲ್ಲಿ ಏನನ್ನೂ ಕುಡಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಗಿಲಲ್ಲೇ ಹಳೆಯ ಆಪರೇಷನ್ನಿನ ವಿಷಯವನ್ನು ಮೊದಲು ಹೇಳಿ.