ಆಗಸ್ಟ್‌ನಲ್ಲಿ ಒಂದು ವಾರ ರಜೆ ಇದೆ. ಗ್ರೀಸ್‌ನ ಅಥೆನ್ಸ್‌ನಿಂದ ಹಾಯಿದೋಣಿಯಲ್ಲಿ ಮಿಕೊನೊಸ್, ಸ್ಯಾಂಟೊರಿನಿ ದ್ವೀಪ ನೋಡಿಕೊಂಡು ಬರಬಹುದೇ?

ಬೇಡ. ಆರು ಜನ ಗೆಳೆಯರು, ಶನಿವಾರದಿಂದ ಶನಿವಾರ, ಅಥೆನ್ಸ್‌ನಲ್ಲಿ ದೋಣಿ ಹತ್ತಿ ಮಿಕೊನೊಸ್, ಪಾರೊಸ್, ಸ್ಯಾಂಟೊರಿನಿ ಮುಗಿಸಿ ವಾಪಸ್. ಈ ನಕ್ಷೆಯನ್ನೇ ನಾನೂ ಒಂದು ಕಾಲದಲ್ಲಿ ಹಾಕಿಕೊಂಡು ಕೂತಿದ್ದವನು, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಯಾವ ದ್ವೀಪಕ್ಕೆ ಎಷ್ಟು ದಿನ ಕೊಡಬೇಕು ಅಂತ ಕೇಳಿದ್ದೀರಿ. ಆಗಸ್ಟ್‌ನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದು ಅದಕ್ಕಿಂತ ಮೊದಲಿನ ಪ್ರಶ್ನೆ.

ಉತ್ತರದಿಂದ. ಮೆಲ್ಟೆಮಿ ಅನ್ನುತ್ತಾರೆ. ಬೇಸಿಗೆಯಲ್ಲಿ ಬಾಲ್ಕನ್ ಕಡೆ ವಾಯುಭಾರ ಹೆಚ್ಚಿರುತ್ತದೆ, ಕಾದ ಟರ್ಕಿಯ ನೆಲದ ಮೇಲೆ ಕಡಿಮೆ. ಈ ಎರಡರ ನಡುವೆ ಏಜಿಯನ್ ಸಮುದ್ರದುದ್ದಕ್ಕೂ ಗಾಳಿ ದಕ್ಷಿಣಕ್ಕೆ ನುಗ್ಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇದರ ಜೋರು ಹೆಚ್ಚು. ಗಾಳಿಯ ಜೋರು ಅಳೆಯುವ ಬೋಫರ್ಟ್ ಮಾಪನದಲ್ಲಿ 5ರಿಂದ 7, ಕೆಲವೊಮ್ಮೆ 8. ಏಳು ಅಂದರೆ ಸುಮಾರು 30 ನಾಟ್ ಗಾಳಿ, ಗಂಟೆಗೆ 55 ಕಿಲೋಮೀಟರ್. ಮೋಡ ಕಟ್ಟುವುದಿಲ್ಲ, ಮಳೆ ಇಲ್ಲ, ಆಕಾಶ ಶುಭ್ರ ನೀಲಿ. ದಡದಲ್ಲಿ ನಿಂತವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಮ್ಮೆ ಹಿಡಿದರೆ ಮೂರು ನಾಲ್ಕು ದಿನ, ಕೆಲವು ಸಲ ಅದಕ್ಕೂ ಹೆಚ್ಚು.

ಇನ್ನು ದಿನದ ಲೆಕ್ಕ. ಶನಿವಾರ ಸಂಜೆ ಐದರ ಹೊತ್ತಿಗೆ ಬಾಡಿಗೆ ದೋಣಿ ಕೈಗೆ ಬರುತ್ತದೆ. ಪಟ್ಟಿ ಹಿಡಿದು ಸಾಮಾನು ಒಪ್ಪಿಸಿಕೊಂಡು ದಿನಸಿ ತುಂಬುವಷ್ಟರಲ್ಲಿ ಕತ್ತಲು. ಹೊರಡುವುದು ಭಾನುವಾರ. ಶುಕ್ರವಾರ ಸಂಜೆಯೊಳಗೆ ಡೀಸೆಲ್ ತುಂಬಿಸಿ ಹೊರಟ ಮರೀನಾದಲ್ಲೇ (ದೋಣಿಗಳ ನಿಲ್ದಾಣ) ಕಟ್ಟಿರಬೇಕು, ಶನಿವಾರ ಬೆಳಗ್ಗೆ ಖಾಲಿ ಮಾಡಬೇಕು. ಅಂದರೆ ನಿಮ್ಮ ಏಳು ದಿನದಲ್ಲಿ ಸಮುದ್ರಕ್ಕೆ ಸಿಗುವುದು ಆರು.

ಭಾನುವಾರ, ಸೋಮವಾರ ಗಾಳಿ ಬೆನ್ನಿಗಿರುತ್ತದೆ. ದೋಣಿ ಏಳು ನಾಟ್‌ನಲ್ಲಿ ಜಾರುತ್ತದೆ, ಎಲ್ಲರೂ ಫೋಟೊ ತೆಗೆಯುತ್ತಾರೆ, "ಇಷ್ಟು ಸುಲಭವಾ" ಅನ್ನುತ್ತಾರೆ. ವಾರ ಕೆಡುವುದು ಇಲ್ಲೇ. ಬೆನ್ನಿನ ಗಾಳಿಯಲ್ಲಿ ಓಡುವಾಗ ದೋಣಿಯ ವೇಗವೂ ಗಾಳಿಯ ಕಡೆಗೇ ಇರುವುದರಿಂದ ಮೈಗೆ ತಾಗುವ ಗಾಳಿ ಕಡಿಮೆ. 25 ನಾಟ್ ಇದ್ದರೂ 18 ಅನ್ನಿಸುತ್ತದೆ. ತಿರುಗಿದ ಕೂಡಲೇ ಅದೇ ಗಾಳಿ 30 ಆಗುತ್ತದೆ, ಅಲೆ ಮುಖಕ್ಕೆ ಹೊಡೆಯುತ್ತದೆ. ಸ್ಯಾಂಟೊರಿನಿಯಿಂದ ಅಥೆನ್ಸ್‌ಗೆ ನೇರ ಗೆರೆ ಎಳೆದರೂ 120 ನಾಟಿಕಲ್ ಮೈಲು (ಸುಮಾರು 220 ಕಿಲೋಮೀಟರ್), ದಿಕ್ಕು ವಾಯವ್ಯ. ಬಾಡಿಗೆಯ ದೋಣಿಗಳು ಅಲೆಯಲ್ಲಿ ಗಾಳಿ ಬರುವ ದಿಕ್ಕಿಗೆ 50 ಡಿಗ್ರಿಗಿಂತ ಹತ್ತಿರ ಹೋಗುವುದು ಕಷ್ಟ, ಹಾಗಾಗಿ ನೇರ ಗೆರೆ ಹಿಡಿಯಲು ಆಗುವುದಿಲ್ಲ, ಅಡ್ಡಡ್ಡ ತಿರುಗಿಸುತ್ತಾ ಹೋಗಬೇಕು. ದಾರಿ ಉದ್ದವಾಗುತ್ತದೆ, ವೇಗ ನಾಲ್ಕಕ್ಕೆ ಇಳಿಯುತ್ತದೆ. ಎಂಜಿನ್ ಹಾಕಿದರೂ ಎದುರಲೆಗೆ ಮೂತಿ ಕೊಟ್ಟು ಅದೇ ನಾಲ್ಕು. ಮೂವತ್ತು ಗಂಟೆಗೂ ಮೀರಿದ ಪ್ರಯಾಣ, ಮೊದಲ ಗಂಟೆಯಲ್ಲೇ ಆರರಲ್ಲಿ ನಾಲ್ವರಿಗೆ ವಾಂತಿ. ಗಾಳಿ ನಿಲ್ಲಲಿ ಅಂತ ಕಾದರೆ ಶುಕ್ರವಾರ ತಪ್ಪುತ್ತದೆ. ದಿನದ ಬಾಡಿಗೆಗಿಂತ ಹೆಚ್ಚಿನ ದಂಡ, ಬೇರೆಯವರಿಂದ ದೋಣಿ ತರಿಸುವ ಖರ್ಚು, ತಪ್ಪಿದ ವಿಮಾನ, ಎಲ್ಲ ನಿಮ್ಮ ತಲೆಗೆ. ಅಷ್ಟು ಮಾಡಿ ಹೋದರೂ ಸ್ಯಾಂಟೊರಿನಿಯ ಜ್ವಾಲಾಮುಖಿ ಕುಳಿಯೊಳಗೆ ಲಂಗರಿಗೆ ನಿಲುಕದಷ್ಟು ಆಳ. ದಕ್ಷಿಣದ ವ್ಲಿಹಾಡಾದ ಪುಟ್ಟ ಬಂದರು ಆಳವಿಲ್ಲದ್ದು, ಸದಾ ಭರ್ತಿ. ಆ ಎರಡು ದ್ವೀಪ ನೋಡಲೇಬೇಕಿದ್ದರೆ ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಫೆರಿ ಹತ್ತಿ, ನಿಜವಾಗಿ ಅದೇ ಒಳ್ಳೆಯದು.

ದೋಣಿಯೇ ಬೇಕೆಂದರೆ ಅಥೆನ್ಸ್ ಪಕ್ಕದ ಸರೋನಿಕ್ ಕೊಲ್ಲಿ. ಅಥೆನ್ಸ್‌ನ ಅಲಿಮೋಸ್ ಮರೀನಾದಿಂದ ಎಗೀನಾ ದ್ವೀಪ ಸುಮಾರು 17 ನಾಟಿಕಲ್ ಮೈಲು. ಅಲ್ಲಿಂದ ಪೋರೊಸ್, ಆಮೇಲೆ ಹೈಡ್ರಾ, ಎರ್ಮಿಯೋನಿ. ಒಂದೊಂದೂ ಮೂರು ನಾಲ್ಕು ಗಂಟೆಯೊಳಗೆ. ನೆಲದ ಮರೆಯಿರುವುದರಿಂದ ಮೆಲ್ಟೆಮಿ ಅಷ್ಟು ಅಲೆ ಎಬ್ಬಿಸುವುದಿಲ್ಲ. ಬುಧವಾರ ಎಲ್ಲಿದ್ದೀರೋ ಅದೇ ನಿಮ್ಮ ಅತಿ ದೂರದ ಜಾಗ ಆಗಿರಲಿ, ಗುರುವಾರದಿಂದ ಮುಖ ಅಥೆನ್ಸ್ ಕಡೆಗೆ. ವಾಪಸಾಗುವಾಗ ಹಳೆಯ ಎಪಿಡಾವ್ರೊಸ್‌ನಲ್ಲಿ ಕಟ್ಟಿ ಟ್ಯಾಕ್ಸಿ ಹಿಡಿದರೆ ಪ್ರಾಚೀನ ರಂಗಮಂದಿರವೂ ಆಯಿತು.

ಹೈಡ್ರಾದಲ್ಲಿ ಕಾರು, ಬೈಕಿಲ್ಲ, ಸಾಮಾನು ಹೊರುವುದು ಕತ್ತೆ. ಬಂದರು ಅಂಗೈಯಗಲ, ಮಧ್ಯಾಹ್ನ ಒಂದರೊಳಗೆ ಸೇರಿಬಿಡಿ. ಅಲ್ಲಿ ದೋಣಿ ಕಟ್ಟುವ ಕ್ರಮ ಗೊತ್ತಿರಲಿ. ಕಟ್ಟೆಯಿಂದ ಮೂರು ನಾಲ್ಕು ದೋಣಿಯುದ್ದ ದೂರದಲ್ಲಿ ಲಂಗರು ಬಿಟ್ಟು, 40 ಮೀಟರ್‌ನಷ್ಟು ಸರಪಳಿ ಹರಿಸುತ್ತಾ ಹಿಮ್ಮುಖವಾಗಿ ಬಂದು, ಹಿಂಬದಿಯ ಎರಡು ಹಗ್ಗ ಕಟ್ಟೆಗೆ ಬಿಗಿಯಬೇಕು. ಸರಪಳಿಯಲ್ಲಿ ಜಿಪುಣತನ ಮಾಡಿದರೆ ರಾತ್ರಿ ಪಕ್ಕದ ಗಾಳಿಗೆ ಲಂಗರು ಕಿತ್ತು ಚುಕ್ಕಾಣಿ ಕಲ್ಲಿಗೆ ಬಡಿಯುತ್ತದೆ. ಬೆಳಗ್ಗೆ ಎಳೆಯುವಾಗ ಎದುರು ಸಾಲಿನವರ ಸರಪಳಿಯೂ ನಿಮ್ಮ ಲಂಗರಿಗೆ ಸಿಕ್ಕಿಕೊಂಡು ಮೇಲೆ ಬರಬಹುದು. ಗಾಬರಿ ಬೇಡ, ಕೈ ಹಾಕಲೂ ಬೇಡ. ಸಿಕ್ಕಿದ ಸರಪಳಿಯ ಕೆಳಗಿನಿಂದ ಒಂದು ಹಗ್ಗ ತೂರಿಸಿ ಎರಡೂ ತುದಿಯನ್ನು ಮೂತಿಯ ಗೂಟಕ್ಕೆ ಕಟ್ಟಿ, ನಿಮ್ಮ ಲಂಗರನ್ನು ಒಂದೆರಡು ಮೀಟರ್ ಇಳಿಸಿ. ಅವರ ಸರಪಳಿ ಹಗ್ಗದ ಮೇಲೆ ತೂಗುತ್ತದೆ, ನಿಮ್ಮದು ಬಿಡಿಸಿಕೊಳ್ಳುತ್ತದೆ. ಲಂಗರು ಮೇಲಕ್ಕೆ ಬಂದ ಮೇಲೆ ಹಗ್ಗದ ಒಂದು ತುದಿ ಬಿಟ್ಟರೆ ಮುಗಿಯಿತು. ಲಂಗರೆತ್ತುವ ಮೋಟರ್ ಓಡಿಸುವಾಗ ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ.

ರಜೆ ಬದಲಿಸಲು ಸಾಧ್ಯವಾದರೆ ಜೂನ್ ಮೊದಲ ಭಾಗ ಇಲ್ಲವೇ ಸೆಪ್ಟೆಂಬರ್ ಕೊನೆಗೆ ಹೋಗಿ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ, ಅರ್ಧ ಅಥೆನ್ಸ್ ದ್ವೀಪಗಳಲ್ಲೇ ಇರುತ್ತದೆ. ಆಗಸ್ಟೇ ಗತಿಯಾದರೆ ಗ್ರೀಸ್‌ನ ಪಶ್ಚಿಮದ ಲೆಫ್ಕಾಡಾ ದ್ವೀಪದಿಂದ ಇಥಾಕಾ ಕಡೆ ಹೋಗುವುದೂ ಆದೀತು. ಅಲ್ಲಿ ಮೆಲ್ಟೆಮಿ ಇಲ್ಲ. ಮಧ್ಯಾಹ್ನ ಎದ್ದು ರಾತ್ರಿ ಮಲಗುವ ವಾಯವ್ಯ ಗಾಳಿ.

ನಿಮ್ಮಲ್ಲೊಬ್ಬರು ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿ ಕಲಿತಿದ್ದಾರೆ ಅಂದಿರಿ. ಸಂತೋಷ, ಆದರೆ ಗ್ರೀಸ್‌ನಲ್ಲಿ ಮಾನ್ಯವಾದ ಲೈಸೆನ್ಸ್ ಒಬ್ಬರ ಬಳಿ, ಜೊತೆಗೆ ಅನುಭವವಿರುವ ಇನ್ನೊಬ್ಬರು, ಎರಡೂ ಇಲ್ಲದೆ ದೋಣಿ ಕೊಡುವುದಿಲ್ಲ. ದೋಣಿ ನಡೆಸಲು ಸ್ಕಿಪ್ಪರ್ ತೆಗೆದುಕೊಳ್ಳಿ. ದಿನಕ್ಕೆ 200 ಯೂರೋ ಆಸುಪಾಸು, ಊಟ ನಿಮ್ಮದೇ. ಅವರಿಗೂ ಮಲಗಲು ಜಾಗ ಬೇಕು, ಆರು ಜನರಿಗೆ ಮೂರು ಕ್ಯಾಬಿನ್ ಸಾಲದು, ನಾಲ್ಕರದ್ದು ನೋಡಿ. ಡಿಪಾಸಿಟ್ ಎರಡರಿಂದ ನಾಲ್ಕು ಸಾವಿರ ಯೂರೋ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಹೊರದೇಶದ ಮಿತಿಯನ್ನು ಬೆಂಗಳೂರಲ್ಲೇ ಏರಿಸಿಕೊಂಡು ಹೊರಡಿ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಹೋಟೆಲ್ ಬುಕಿಂಗ್ ಜಾಗದಲ್ಲಿ ದೋಣಿಯ ಒಪ್ಪಂದ, ಎಲ್ಲರ ಹೆಸರಿರುವ ಕ್ರೂ ಲಿಸ್ಟ್ ಲಗತ್ತಿಸಿ.

ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಬ್ರಿಯಾಮ್ (ಬೇಯಿಸಿದ ತರಕಾರಿ), ಗಿಗಾಂಡೆಸ್ (ದೊಡ್ಡ ಬಿಳಿ ಬೀನ್ಸ್), ಫಾವಾ (ಅರೆದ ಬೇಳೆ) ಎಲ್ಲ ಕಡೆ ಸಿಗುತ್ತವೆ. ಟ್ರಾಲಿ ಸೂಟ್‌ಕೇಸ್ ಬೇಡ, ಇಡಲು ಜಾಗವಿರುವುದಿಲ್ಲ, ಮಡಚುವ ಬಟ್ಟೆ ಬ್ಯಾಗ್ ಸಾಕು. ಟಾಯ್ಲೆಟ್‌ಗೆ ಕಾಗದ ಹಾಕಬೇಡಿ ಅಂತ ಆರೂ ಜನಕ್ಕೆ ಮೊದಲ ದಿನವೇ ಹೇಳಿ. ಸಣ್ಣ ಪೈಪು, ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೊಳೆಯುವ ದುಡ್ಡು ಡಿಪಾಸಿಟ್‌ನಿಂದ ಹೋಗುತ್ತದೆ.