ಉತ್ತರಿಸಲಾಗದೆ ಉಳಿದ ಒಂದು ಪ್ರಶ್ನೆ

ಪೊನ್ನಂಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರ ಮನೆಯ ಈ ಯುವತಿಗೆ 23 ವರ್ಷ. (ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಅರಣ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷಕ್ಕೊಮ್ಮೆ ಕೆಲವೇ ಮಂದಿಯನ್ನು ಸೇರಿಸಿಕೊಳ್ಳುವ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಕೋರ್ಸೊಂದಕ್ಕೆ ಅರ್ಜಿ ಹಾಕಿದ್ದರು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂದರ್ಶನಕ್ಕೂ ಹೋಗಿ ಬಂದ ಮೇಲೆ, ಆಯ್ಕೆಯಾಗಿಲ್ಲವೆಂಬ ಚಿಕ್ಕ ಇ-ಮೇಲ್ ಬಂತು. ಕಾರಣವೇನೆಂದು ಅದರಲ್ಲಿ ಇರಲಿಲ್ಲ. ನೆಂಟರು "ಸೀಟ್ ಸಿಕ್ತಾ?" ಎಂದು ಕೇಳುವರೆಂಬ ಅಂಜಿಕೆಯಿಂದ ಮೇ ತಿಂಗಳ ಮದುವೆಗಳಿಗೆ ಆಕೆ ಹೋಗಲಿಲ್ಲ. ನಿದ್ದೆಯೂ ಊಟವೂ ಕೆಟ್ಟಾಗ ತಾಯಿ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದರು.

ಸಾವಿನ ಯೋಚನೆ ಬರುತ್ತಿದೆಯೇ ಎಂದು ಮೊದಲು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಅನೇಕರಿಗಿದೆ, ಅದು ತಪ್ಪು. ಆಕೆ ಇಲ್ಲವೆಂದರು, "ಆದರೆ ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುತ್ತೆ, ಮೇಡಂ" ಎಂದರು.

ಸಂದರ್ಶನದಲ್ಲಿ ಕೇಳಿದ್ದನ್ನೆಲ್ಲ ನೆನಪಿದ್ದಷ್ಟು ಬರೆಯಲು ಹಾಳೆ ಕೊಟ್ಟೆ. ಹಾಳೆ ತುಂಬಿತು; ಹೆಚ್ಚಿನವಕ್ಕೆ ಉತ್ತರ ಹೇಳಿದ್ದರು. ರಾತ್ರಿಯೆಲ್ಲ ಕಾಡುತ್ತಿದ್ದುದು ಒಂದೇ ಪ್ರಶ್ನೆ. ಪದವಿಯ ಪ್ರಾಜೆಕ್ಟಿಗಾಗಿ ಕಾಫಿ ತೋಟಗಳ ನೆರಳು ಮರಗಳನ್ನು ಎಣಿಸಿದ್ದರು. ಅವೇ ತೋಟಗಳನ್ನು ಏಕೆ ಆರಿಸಿದಿರಿ ಎಂದು ಕೇಳಿದಾಗ ಸುಮ್ಮನಾಗಿಬಿಟ್ಟಿದ್ದರು. ನಿಜವಾದ ಉತ್ತರ, ಅವು ನೆಂಟರ ತೋಟಗಳು, ಒಳಗೆ ಬಿಡುತ್ತಿದ್ದರು ಎಂಬುದು. ಅದನ್ನು ಹೇಳಲು ನಾಚಿಕೆಯಾಗಿತ್ತು.

ನಾನು ಹೇಳಿದ್ದು ಇದು: ಸುಲಭವಾಗಿ ಸಿಕ್ಕಿದ ಮಾದರಿಯನ್ನು (ಸ್ಯಾಂಪಲ್) ಬಳಸುವುದು ಅಧ್ಯಯನದ ಒಂದು ಮಿತಿ, ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ, ನೀವೂ ಹೇಳಬಹುದಿತ್ತು. ಆ ಮೌನದಿಂದಲೇ ಸೀಟು ತಪ್ಪಿತೇ ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಲಿಯಬಹುದಾದದ್ದು ಮಾದರಿ ಆಯ್ಕೆಯ ವಿಧಾನ, ಅದನ್ನು ಕಲಿಯಿರಿ. ಆ ದಿನದ ಸಂದರ್ಶಕರು ನೋಡಿದ್ದು ಸ್ವಲ್ಪ ಹೊತ್ತಿನ ಮಾತುಕತೆಯನ್ನು, ನಿಮ್ಮ ಯೋಗ್ಯತೆಯನ್ನು ಪೂರ್ತಿ ಅಳೆಯಲು ಅಷ್ಟು ಸಾಲದು.

ಸೇನೆಯಿಂದ ನಿವೃತ್ತರಾದ ದೊಡ್ಡಪ್ಪ, ಪರಿಚಯದವರಿಂದ ಫೋನ್ ಮಾಡಿಸುವೆನೆಂದಿದ್ದರಂತೆ. ಪ್ರೀತಿಯಿಂದ ಹೇಳಿದ ಮಾತೇ ಸರಿ, ಆದರೂ ಬೇಡವೆಂದು ಖಂಡಿತವಾಗಿ ಹೇಳಿದೆ. ಬದಲಿಗೆ ಒಂದು ವಾರ ಕಳೆದ ಮೇಲೆ, ಮುಂದಿನ ತಯಾರಿಗೆ ಸಲಹೆ ಕೊಡುವ ಪದ್ಧತಿ ಇದೆಯೇ ಎಂದು ವಿನಯದಿಂದ ವಿಚಾರಿಸುವ ಇ-ಮೇಲ್ ಬರೆಯಬಹುದು. ಉತ್ತರ ಬಾರದಿದ್ದರೆ ಮತ್ತೆ ಬರೆಯಬಾರದು.

ಎರಡು ವರ್ಷವನ್ನು ಬರೀ ಕಾಯುತ್ತ ಕಳೆಯುವ ಯೋಚನೆ ನನಗೆ ಒಪ್ಪಿಗೆಯಾಗಲಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ, ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆ ಪರೀಕ್ಷೆ, ಆನೆ–ಮಾನವ ಸಂಘರ್ಷದ ಅಧ್ಯಯನಗಳಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ, ಎಲ್ಲವನ್ನೂ ಪಟ್ಟಿ ಮಾಡಿದೆವು. ಕೊನೆಯದಕ್ಕೆ ಆಕೆಯ ಮುಖ ಅರಳಿತು. ಜೂನ್ ಕೊನೆಯೊಳಗೆ ನಿರ್ಧರಿಸುವುದೆಂದು ಒಪ್ಪಿಕೊಂಡರು. ನೆಂಟರಿಗೆ ಹೇಳಲು "ಈ ಸಲ ಆಗಲಿಲ್ಲ, ಬೇರೆ ಕಡೆ ನೋಡುತ್ತಿದ್ದೇನೆ" ಎಂಬಷ್ಟನ್ನೇ ಅಭ್ಯಾಸ ಮಾಡಿಸಿದೆ.

ತಾಯಿಯೊಡನೆ ಬೇರೆಯಾಗಿ ಮಾತನಾಡಿ, ಪಕ್ಕದ ಮನೆಯ ಮಕ್ಕಳ ಸುದ್ದಿ ಎತ್ತದಿರಲು ಕೇಳಿಕೊಂಡೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸುವುದಾಗಿ ತಿಳಿಸಿ, ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಳ್ಳುವಂತೆ ಹೇಳಿ ಕಳುಹಿಸಿದೆ.